ಕೆಟ್ಟ ವಿಡಿಯೊ ರೆಕಾರ್ಡರಿನ ಹಾರ್ಡ್‌ಡಿಸ್ಕ್‌ನಲ್ಲಿರುವ ದೃಶ್ಯಗಳನ್ನು ಕಂಪ್ಯೂಟರಿನಿಂದ ಹೊರತೆಗೆಯುವುದು ಹೇಗೆ?

ಸುರುಳಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಾರ್ಡ್‌ಡಿಸ್ಕ್‌ಗೂ ಡಿವಿಡಿಗೂ ರೆಕಾರ್ಡ್ ಮಾಡಬಲ್ಲ ಹಳೆಯ ವಿಡಿಯೊ ರೆಕಾರ್ಡರ್ ಒಂದು ನಮ್ಮ ಮನೆಯಲ್ಲಿದೆ. ಟಿವಿ ಕಾರ್ಯಕ್ರಮಗಳ ಜೊತೆಗೆ, ಕ್ಯಾಮ್‌ಕಾರ್ಡರ್ ಕ್ಯಾಸೆಟ್‌ಗಳಲ್ಲಿದ್ದ ಮನೆಯವರ ದೃಶ್ಯಗಳನ್ನೂ ಎವಿ ಇನ್‌ಪುಟ್ ಮೂಲಕ ಅದರ ಹಾರ್ಡ್‌ಡಿಸ್ಕ್‌ಗೆ ಇಳಿಸಿಟ್ಟಿದ್ದೆವು. ಆ ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಓಡದಂತಾಗಿವೆ. ಹಾಗಾಗಿ ಉಳಿದಿರುವುದು ಈ ಡಿಸ್ಕ್‌ನಲ್ಲಿರುವ ಪ್ರತಿಯೊಂದೇ. ಈಗ ನಮ್ಮೊಡನಿಲ್ಲದ ಹಿರಿಯರ ಮಾತು, ಹಾಡು ಅದರಲ್ಲಿವೆ.

ಇತ್ತೀಚೆಗೆ ರೆಕಾರ್ಡರ್ ಆನ್ ಆಗುವುದು ನಿಂತಿದೆ. ಪ್ಲಗ್ ಹಾಕಿದಾಗ ಮುಂಭಾಗದ ಕೆಂಪು ದೀಪ ಒಮ್ಮೆ ಹೊತ್ತಿ ಆರುತ್ತದೆ, ಒಳಗಿನಿಂದ ಒಂದೇ ಸಮನೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಆ ಸದ್ದು ಡಿಸ್ಕಿನದೇ ಇರಬಹುದೆಂಬ ಭಯದಿಂದ ಪ್ಲಗ್ ತೆಗೆದು, ಡಿಸ್ಕನ್ನು ಬಿಚ್ಚಿ, ಹೊರಗಿನಿಂದ ವಿದ್ಯುತ್ ಕೊಡುವ ಯುಎಸ್‌ಬಿ ಅಡಾಪ್ಟರಿನ ಮೂಲಕ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದೆ. ಅಲ್ಲಿ ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದೆ. ಆದರೆ ಅದರೊಳಗೆ ಯಾವ ಕಡತವೂ ಕಾಣಿಸುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 232 ಜಿಬಿಯ ಖಾಲಿ ಡಿಸ್ಕ್ ಎಂದು ತೋರಿಸುತ್ತಿದ್ದು, ಅದನ್ನು ಇನಿಶಿಯಲೈಸ್ ಮಾಡಬೇಕೆ ಎಂದು ವಿಂಡೋಸ್ ಕೇಳಿತು. ಬೇಡವೆಂದು ಮುಚ್ಚಿದ್ದೇನೆ.

ಈ ಸ್ಥಿತಿಯಿಂದ ದೃಶ್ಯಗಳನ್ನು ಹೊರತೆಗೆಯಲು ಸಾಧ್ಯವೇ? ಯಾವ ತಂತ್ರಾಂಶದಿಂದ ಆರಂಭಿಸಬೇಕು? ಅದೇ ಮಾದರಿಯ ಇನ್ನೊಂದು ಹಳೆಯ ರೆಕಾರ್ಡರ್ ಸಿಕ್ಕಿದರೆ ಈ ಡಿಸ್ಕನ್ನು ಅದಕ್ಕೆ ಹಾಕಿ ನೋಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ನೀಲಿಪರದೆ:

ಸುರುಳಿ ಅವರೇ, ಇನಿಶಿಯಲೈಸ್ ಮಾಡಲು ಒಪ್ಪದೆ ಇದ್ದುದು ನಿಮ್ಮ ದೃಶ್ಯಗಳನ್ನು ಉಳಿಸಿದೆ ಎಂದೇ ಹೇಳಬೇಕು. ಡಿಸ್ಕಿನ ಮೊದಲ ಸೆಕ್ಟರ್‌ಗಳಲ್ಲಿ (ಸೆಕ್ಟರ್ ಎಂದರೆ ಡಿಸ್ಕ್ ಒಮ್ಮೆಗೆ ಓದುವ, ಬರೆಯುವ ಅತಿ ಚಿಕ್ಕ ತುಂಡು) ತನಗೆ ಗೊತ್ತಿರುವ ಬಗೆಯ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕಿನ ವಿಭಾಗಗಳ ಪಟ್ಟಿ, ಕಾಣದೆ ಹೋದಾಗ ವಿಂಡೋಸ್ ಆ ಪ್ರಶ್ನೆ ಕೇಳುತ್ತದೆ. ಒಪ್ಪಿದರೆ ಅಲ್ಲಿಯೇ ಹೊಸ ಪಟ್ಟಿಯನ್ನು ಬರೆದುಬಿಡುತ್ತದೆ. ಜಿಪಿಟಿ ಬಗೆಯನ್ನು ಆರಿಸಿದರೆ ಡಿಸ್ಕಿನ ತುತ್ತತುದಿಯಲ್ಲಿಯೂ ಅದರ ಇನ್ನೊಂದು ಪ್ರತಿಯನ್ನು ಬರೆಯುತ್ತದೆ. ರೆಕಾರ್ಡರ್ ತನ್ನ ಶೀರ್ಷಿಕೆಗಳ ಪಟ್ಟಿಯನ್ನು ಅದೇ ಜಾಗದಲ್ಲಿ ಇಟ್ಟಿರುವ ಸಾಧ್ಯತೆ ಇರುವುದರಿಂದ ಆ ನಷ್ಟ ದೊಡ್ಡದಾಗಬಹುದು. ಖಾಲಿ ಎಂದು ತೋರಿಸಿದ್ದಕ್ಕೆ ಗಾಬರಿಯಾಗಬೇಡಿ. ಡಿಸ್ಕ್ ಖಾಲಿಯಾಗಿದೆ ಎಂಬುದು ಅದರ ಅರ್ಥವಲ್ಲ, ವಿಂಡೋಸ್‌ಗೆ ಅದನ್ನು ಓದುವ ಬಗೆ ಗೊತ್ತಿಲ್ಲ ಎಂಬುದಷ್ಟೇ. ಇಂಥ ರೆಕಾರ್ಡರ್‌ಗಳಲ್ಲಿ ಕೆಲವು ಲಿನಕ್ಸ್‌ನ ಎಕ್ಸ್‌ಟಿ3 ಅಥವಾ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಬಳಸುತ್ತವೆ, ಕೆಲವು ಫ್ಯಾಟ್32 ಬಳಸುತ್ತವೆ, ಇನ್ನು ಹಲವು ತಯಾರಕರು ತಮ್ಮದೇ ಆದ, ಬೇರೆಲ್ಲೂ ಇಲ್ಲದ ವ್ಯವಸ್ಥೆಯನ್ನು ಕಟ್ಟಿಕೊಂಡಿರುತ್ತಾರೆ.

ಯಾವ ತಂತ್ರಾಂಶದಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಮರುಪಡೆಯುವ ತಂತ್ರಾಂಶ ಯಾವುದನ್ನೂ ಮೂಲ ಡಿಸ್ಕಿನ ಮೇಲೆ ಓಡಿಸಬೇಡಿ. ಮೊದಲು ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದ ಹಾಗೆ ಒಂದೇ ದೊಡ್ಡ ಕಡತವಾಗಿ ನಕಲು ಮಾಡಿಕೊಳ್ಳಿ. ಅದಾದ ಮೇಲೆ ಮೂಲ ಡಿಸ್ಕನ್ನು ಬದಿಗಿಟ್ಟು ಆ ನಕಲಿನ ಮೇಲಷ್ಟೇ ಕೆಲಸ ಮಾಡಿ. ಅಲ್ಲಿ ಏನೇ ಎಡವಟ್ಟಾದರೂ ಮತ್ತೆ ಮೊದಲಿನಿಂದ ಆರಂಭಿಸಬಹುದು. ಇದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಲಿನಕ್ಸ್ ಅನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ಅದನ್ನು ಓಡಿಸಬಹುದು. ಸಾಮಾನ್ಯ ನಕಲು ತಂತ್ರಾಂಶಗಳು ಓದಲಾಗದ ಸೆಕ್ಟರ್ ಎದುರಾದ ಕಡೆಯೇ ಒದ್ದಾಡುತ್ತ ನಿಂತುಬಿಟ್ಟರೆ, ಇದು ಅದನ್ನು ಬಿಟ್ಟು ಮುಂದಕ್ಕೆ ಹಾರಿ, ಸಲೀಸಾಗಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ಕಾಪಾಡಿಕೊಂಡು, ತೊಂದರೆಯ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿ ಓದಿಯಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ನಿಲ್ಲಿಸಬೇಕಾಗಿ ಬಂದರೂ ಅದೇ ಕಡತವನ್ನು ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆ ಕಡತವನ್ನು ಮಾತ್ರ ಅಳಿಸಬೇಡಿ.

ಆಜ್ಞೆಯಲ್ಲಿ ಮೊದಲು ಮೂಲ, ನಂತರ ನಕಲು, ಕೊನೆಗೆ ಮ್ಯಾಪ್ ಕಡತ ಬರಬೇಕು. ಮೊದಲೆರಡು ಅದಲುಬದಲಾದರೆ ಮೂಲ ಡಿಸ್ಕೇ ಅಳಿಸಿಹೋಗುತ್ತದೆ. ಆದ್ದರಿಂದ ಲಿನಕ್ಸ್ ಕೊಟ್ಟ ಸಾಧನದ ಹೆಸರೊಂದನ್ನೇ ನಂಬದೆ, ಡಿಸ್ಕಿನ ಮೇಲಂಟಿಸಿದ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ಪರದೆಯ ಮೇಲಿನದಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಎಂಟರ್ ಒತ್ತಿ. ಡಿಸ್ಕಿನೊಳಗಿನ ಪಾರ್ಟಿಷನ್‌ಗಳನ್ನು ತೆರೆದು ನೋಡುವ ಕುತೂಹಲವನ್ನೂ ಅಲ್ಲಿಯವರೆಗೆ ತಡೆಹಿಡಿಯಿರಿ. ಓದಲು ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ (ಅಂದರೆ ತೆರೆದರೂ), ಸರಿಯಾಗಿ ಮುಚ್ಚಿರದ ಎಕ್ಸ್‌ಟಿ3 ವಿಭಾಗದಲ್ಲಿ ಜರ್ನಲ್ (ಬಾಕಿ ಉಳಿದ ಬದಲಾವಣೆಗಳ ದಾಖಲೆ) ಮರುಓಟವಾಗಿ ಡಿಸ್ಕಿನ ಮೇಲೆ ಬರವಣಿಗೆ ನಡೆಯುತ್ತದೆ.

ಜಾಗದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ನಿಮ್ಮದು 250 ಜಿಬಿ ಡಿಸ್ಕ್. ವಿಂಡೋಸ್ ತೋರಿಸಿದ 232 ಕೂಡ ಬೇರೆ ಅಳತೆಯಲ್ಲಿ ಅದೇ. ನಕಲಿಗೆ 250 ಜಿಬಿ, ಹೊರತೆಗೆದ ದೃಶ್ಯಗಳಿಗೆ ಹೆಚ್ಚುಕಡಿಮೆ ಅಷ್ಟೇ ಎಂದರೆ 500 ಜಿಬಿ ಖಾಲಿ ಇರಬೇಕು. ಆ ಜಾಗ ಫ್ಯಾಟ್32 ಆಗಿರಕೂಡದು, ಏಕೆಂದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಯುಎಸ್‌ಬಿ 2.0 ಅಡಾಪ್ಟರ್ ಸೆಕೆಂಡಿಗೆ 35 ಎಂಬಿಯಂತೆ ಓದಿದರೆ ಆರೋಗ್ಯವಾಗಿರುವ ಡಿಸ್ಕ್‌ಗೆ ಸುಮಾರು 2 ಗಂಟೆ ಸಾಕು. ಆರಂಭಿಸುವ ಮೊದಲು ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) 5, 197 ಮತ್ತು 198ನೆಯ ಅಂಶಗಳ ರಾ (ಕಚ್ಚಾ) ಮೌಲ್ಯ ಸೊನ್ನೆಯೇ ಎಂದು ನೋಡಿ. ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕಿನ ಮೇಲ್ಮೈ ಸವೆಯತೊಡಗಿದೆ ಎಂದು ತಿಳಿದು, ನಕಲನ್ನು ಮುಂದೂಡದೆ ಇಂದೇ ಮಾಡಿ. ನಕಲು ನಡೆಯುವಾಗ ಡಿಸ್ಕಿನಿಂದ ಕಟಕಟ ಸದ್ದು ಆರಂಭವಾದರೆ ಕೂಡಲೇ ವಿದ್ಯುತ್ ತೆಗೆಯಿರಿ. ಅದು ರೀಡ್ ಹೆಡ್ಡಿನ ತೊಂದರೆ. ಆಗ ಮನೆಯಲ್ಲಿ ಮಾಡುವ ಪ್ರತಿಯೊಂದು ಪ್ರಯತ್ನವೂ ಉಳಿದದ್ದನ್ನು ಕೆರೆದು ಹಾಕುತ್ತದೆ, ಮುಂದಿನ ಕೆಲಸ ಧೂಳಿಲ್ಲದ ಕೋಣೆ ಇರುವ ಪ್ರಯೋಗಾಲಯದ್ದು. ಡಿಸ್ಕನ್ನು ಫ್ರಿಜ್ಜಿನಲ್ಲಿಡುವ ಸಲಹೆ ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದನ್ನು ಪಾಲಿಸಬೇಡಿ. ಒಳಗೆ ತೇವ ಕಟ್ಟಿಕೊಂಡು ಇದ್ದದ್ದೂ ಹೋಗುತ್ತದೆ.

ಬೆಸುಗೆ:

ನೀಲಿಪರದೆ ಅವರು ನಕಲಿನ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ರೆಕಾರ್ಡರನ್ನು ಈಗಲೇ ಕೈಬಿಡಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ.

ನೀವು ವಿವರಿಸಿದ ಲಕ್ಷಣ ಪವರ್ ಸಪ್ಲೈ ಕಡೆಗೆ ಬೊಟ್ಟು ಮಾಡುತ್ತದೆ. ಎಸ್‌ಎಂಪಿಎಸ್ (ಸ್ವಿಚ್ಡ್ ಮೋಡ್) ಬಗೆಯ ಪವರ್ ಸಪ್ಲೈ ತನ್ನ ಹೊರಹರಿವು ಸರಿಯಿಲ್ಲದಾಗ ಚಾಲೂ ಆಗಲು ಯತ್ನಿಸಿ, ಸೋತು ನಿಂತು, ಮತ್ತೆ ಯತ್ನಿಸುತ್ತದೆ. ಹಾಗೆ ಯತ್ನಿಸಿದಾಗಲೆಲ್ಲ ಒಂದು ಟಿಕ್ ಸದ್ದು ಕೇಳುತ್ತದೆ. ಡಿಸ್ಕ್ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ತಿರುಗುತ್ತಿದೆ ಎಂದಿರಿ, ಆದ್ದರಿಂದ ಸದ್ದು ಅದರದ್ದಲ್ಲ. ಡಿಸ್ಕ್ ಇಲ್ಲದೆಯೂ ರೆಕಾರ್ಡರ್ ಹಾಗೆಯೇ ಟಿಕ್ ಎನ್ನುತ್ತಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ಮುಚ್ಚಳ ತೆಗೆದು ಪವರ್ ಸಪ್ಲೈ ಬೋರ್ಡಿನ ಔಟ್‌ಪುಟ್ ಬದಿಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ನೆತ್ತಿಯನ್ನು ನೋಡಿ. ಚಪ್ಪಟೆಯಾಗಿರಬೇಕಾದ ನೆತ್ತಿ ಉಬ್ಬಿದ್ದರೆ, ಅಥವಾ ಬುಡದಲ್ಲಿ ಕಂದು ಬಣ್ಣದ ಅಂಟು ಜಿನುಗಿದ್ದರೆ ಅವು ಸತ್ತಿವೆ. ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜ್ ತಡೆಯುವ, 105 ಡಿಗ್ರಿ ತಾಳಿಕೆಯ ಹೊಸವನ್ನು ಬೆಸುಗೆ ಹಾಕಿದರೆ ಯಂತ್ರ ಮತ್ತೆ ಜೀವ ಪಡೆಯುವ ಸಾಧ್ಯತೆ ಚೆನ್ನಾಗಿದೆ. ಕೈ ಪಳಗದವರು ಇದಕ್ಕೆ ಇಳಿಯಬಾರದು: ಇನ್‌ಪುಟ್ ಬದಿಯ ದೊಡ್ಡ ಕೆಪ್ಯಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಟಿವಿ ರಿಪೇರಿ ಮಾಡುವವರಿಗೆ ಇದು ದಿನನಿತ್ಯದ ಕೆಲಸ, ಅವರಿಗೆ ಒಪ್ಪಿಸಿ.

ರೆಕಾರ್ಡರ್ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಗೂಢಲಿಪಿ. ಅನೇಕ ರೆಕಾರ್ಡರ್‌ಗಳು, ಅದರಲ್ಲೂ ಉಪಗ್ರಹ ಮತ್ತು ಕೇಬಲ್ ಸೇವೆಯ ಸೆಟ್‌ಟಾಪ್ ಬಗೆಯವು, ದೃಶ್ಯಗಳನ್ನು ಎನ್‌ಕ್ರಿಪ್ಟ್ ಮಾಡಿಯೇ ಡಿಸ್ಕ್‌ಗೆ ಬರೆಯುತ್ತವೆ, ಕೀಲಿಯನ್ನು ಆ ಯಂತ್ರದ ಬೋರ್ಡಿನಲ್ಲಿಯೋ ಕಾರ್ಡಿನಲ್ಲಿಯೋ ಇಟ್ಟುಕೊಳ್ಳುತ್ತವೆ. ಅಂಥ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಕಂಪ್ಯೂಟರಿಗೆ ಅದರಿಂದ ಏನೂ ಸಿಗದು. ಅದೇ ಯಂತ್ರವನ್ನು ಎಬ್ಬಿಸುವುದೊಂದೇ ದಾರಿ. ಇನ್ನು ಕೆಲವು ಯಂತ್ರಗಳು ಎಟಿಎ ಪಾಸ್‌ವರ್ಡ್ ಹಾಕಿ ಡಿಸ್ಕನ್ನೇ ಬೀಗ ಜಡಿದಿಡುತ್ತವೆ, ಆಗ ಒಂದು ಸೆಕ್ಟರನ್ನೂ ಓದಲಾಗುವುದಿಲ್ಲ. ನೀವು ಎವಿ ಇನ್‌ಪುಟ್‌ನಿಂದ ಇಳಿಸಿದ ದೃಶ್ಯಗಳು ಎನ್‌ಕ್ರಿಪ್ಟ್ ಆಗದೆ ಇರುವ ಸಾಧ್ಯತೆಯೇ ಹೆಚ್ಚು, ಆದರೂ ಖಚಿತವಾಗುವ ತನಕ ಯಂತ್ರವನ್ನು ಎಸೆಯಬೇಡಿ.

ಡಿಸ್ಕನ್ನು ಇನ್ನೊಂದು ರೆಕಾರ್ಡರಿಗೆ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಅದೇ ಮಾದರಿಯದಾದರೂ ತನ್ನದಲ್ಲದ ಡಿಸ್ಕ್ ಕಂಡಾಗ ಫಾರ್ಮ್ಯಾಟ್ ಮಾಡುವ ಯಂತ್ರಗಳಿವೆ, ಕೆಲವು ಕೇಳದೆಯೇ ಮಾಡುತ್ತವೆ. ರಿಪೇರಿಯಾದ ನಿಮ್ಮದೇ ಯಂತ್ರಕ್ಕೆ ಮರಳಿ ಹಾಕುವ ಮುನ್ನವೂ ನಕಲು ಮುಗಿದಿರಬೇಕು. ಲೈವ್ ಕಾರ್ಯಕ್ರಮವನ್ನು ತಡೆದು ನಿಲ್ಲಿಸುವ ಟೈಮ್‌ಶಿಫ್ಟ್ ಸೌಲಭ್ಯ ಇರುವ ರೆಕಾರ್ಡರ್ ಆನ್ ಆದ ಕ್ಷಣದಿಂದಲೇ ಡಿಸ್ಕಿನ ಮೇಲೆ ಬರೆಯುತ್ತಿರುತ್ತದೆ, ಹಿಂದೆ ಅಳಿಸಿದ್ದ ಯಾವುದನ್ನಾದರೂ ಮರಳಿ ಪಡೆಯುವ ಆಸೆ ಇದ್ದರೆ ಆ ಬರವಣಿಗೆಯೇ ಅದನ್ನು ನುಂಗುತ್ತದೆ.

ಸುರುಳಿ:

ಇಬ್ಬರಿಗೂ ಮನಸಾರೆ ಧನ್ಯವಾದ. ಡಿಸ್ಕ್ ಇಲ್ಲದೆಯೂ ರೆಕಾರ್ಡರ್ ಟಿಕ್ ಎನ್ನುತ್ತದೆ. ಎರಡು ಕೆಪ್ಯಾಸಿಟರ್‌ಗಳ ನೆತ್ತಿ ಕಣ್ಣಿಗೆ ಕಾಣುವಷ್ಟು ಉಬ್ಬಿದೆ. ಯಂತ್ರವನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಡಿಡಿರೆಸ್ಕ್ಯೂ ಹೇಳಿದಂತೆಯೇ ಕೆಲಸ ಮಾಡಿತು. ಕೊನೆಯಲ್ಲಿ ಕೆಲವೇ ಸೆಕ್ಟರ್‌ಗಳು ಓದಲಾಗದೆ ಉಳಿದವು. ನಕಲಿನ ಕಡತದ ಮೇಲೆ ಫೋಟೊರೆಕ್ ಎಂಬ ಮರುಪಡೆಯುವ ತಂತ್ರಾಂಶ ಓಡಿಸಿದಾಗ ಎಂಪಿಜಿ ಕಡತಗಳು ರಾಶಿರಾಶಿಯಾಗಿ ಹೊರಬಂದವು. ವಿಎಲ್‌ಸಿಯಲ್ಲಿ ಅವು ಓಡುತ್ತಿವೆ, ಮನೆಯವರ ಮುಖಗಳನ್ನು ಮತ್ತೆ ಕಂಡೆವು. ಆದರೆ ಒಂದು ಸಮಾರಂಭದ ದೃಶ್ಯ ಅರ್ಧದಲ್ಲಿ ಕಡಿದು ಯಾವುದೋ ಟಿವಿ ಕಾರ್ಯಕ್ರಮ ಶುರುವಾಗುತ್ತದೆ, ಉಳಿದರ್ಧ ಬೇರೆ ಕಡತದ ನಡುವೆ ಸಿಗುತ್ತದೆ. ಯಾವ ಕಡತಕ್ಕೂ ಹೆಸರಿಲ್ಲ, ದಿನಾಂಕವಿಲ್ಲ. ಇವನ್ನು ಸರಿಯಾದ ಕ್ರಮದಲ್ಲಿ ಜೋಡಿಸುವುದಕ್ಕೆ ಎಲ್ಲವನ್ನೂ ಕೂತು ನೋಡುವುದರ ಹೊರತು ದಾರಿ ಇದೆಯೇ?

ಚೌಕಟ್ಟು:

ದಾರಿ ಇದೆ. ಆ ದಾರಿ ನಿಮ್ಮ ದೃಶ್ಯಗಳೊಳಗೇ ಇದೆ.

ಅದಕ್ಕೆ ಮೊದಲು ಒಂದು ಸುಲಭದ ಪ್ರಯತ್ನ ಮಾಡಿ. ಐಸೊಬಸ್ಟರ್ ಎಂಬ ತಂತ್ರಾಂಶ ಹಲವು ಡಿವಿಡಿ ರೆಕಾರ್ಡರ್‌ಗಳ ಹಾರ್ಡ್‌ಡಿಸ್ಕ್ ವ್ಯವಸ್ಥೆಗಳನ್ನು ಬಲ್ಲದು. ನಕಲಿನ ಕಡತವನ್ನು ಅದರಲ್ಲಿ ತೆರೆದಾಗ ರೆಕಾರ್ಡಿಂಗ್‌ಗಳ ಪಟ್ಟಿ ಕಾಣಿಸಿತೆಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು, ಏಕೆಂದರೆ ಯಾವ ತುಣುಕು ಯಾವುದರ ಮುಂದೆ ಬರುತ್ತದೆ ಎಂಬ ದಾಖಲೆ ಆ ಪಟ್ಟಿಯಲ್ಲಿಯೇ ಇರುತ್ತದೆ. ಫೋಟೊರೆಕ್ ಆ ಪಟ್ಟಿಯ ಕಡೆಗೆ ನೋಡುವುದೇ ಇಲ್ಲ. ಅದು ಡಿಸ್ಕಿನ ಉದ್ದಕ್ಕೂ ಹೋಗುತ್ತ, ಎಂಪೆಗ್ (ಡಿವಿಡಿಗಳಲ್ಲಿ ಬಳಸುವ ವಿಡಿಯೊ ಬಗೆ) ಎಂದು ಗುರುತು ಸಿಕ್ಕಲ್ಲಿ ಹೊಸ ಕಡತ ತೆರೆದು, ಗುರುತು ತಪ್ಪುವವರೆಗೆ ಅದಕ್ಕೇ ಸೇರಿಸುತ್ತ ಹೋಗುತ್ತದೆ. ಒಂದು ರೆಕಾರ್ಡಿಂಗಿನ ಪಕ್ಕದಲ್ಲಿಯೇ ಇನ್ನೊಂದರ ತುಣುಕು ಇದ್ದರೆ ಎರಡೂ ಒಂದೇ ಕಡತಕ್ಕೆ ಸೇರುತ್ತವೆ. ನೀವು ಕಂಡದ್ದು ಅದನ್ನೇ. ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಆ ಜಾಗದಲ್ಲಿ ಹೊಸದನ್ನು ಬರೆದಾಗ ರೆಕಾರ್ಡಿಂಗ್ ಹೀಗೆ ಹಂಚಿಹೋಗುತ್ತದೆ. ರೆಕಾರ್ಡರ್‌ಗಳು ಜಾಗವನ್ನು ದೊಡ್ಡ ದೊಡ್ಡ ಖಂಡಗಳಲ್ಲಿ ಹಂಚುವುದರಿಂದ ತುಣುಕುಗಳು ಕಂಪ್ಯೂಟರಿನ ಡಿಸ್ಕ್‌ನಲ್ಲಿ ಆಗುವಷ್ಟು ಸಣ್ಣದಾಗಿರುವುದಿಲ್ಲ, ಅದು ನಿಮ್ಮ ಅದೃಷ್ಟ.

ಪಟ್ಟಿ ಸಿಗದಿದ್ದರೆ ಹೀಗೆ ಮಾಡಿ. ನಕಲನ್ನು ಒಂದು ಹೆಕ್ಸ್ ಎಡಿಟರಿನಲ್ಲಿ (ಕಡತದ ಬೈಟ್‌ಗಳನ್ನು ಹದಿನಾರರ ಅಂಕಿಗಳಲ್ಲಿ ತೋರಿಸುವ ತಂತ್ರಾಂಶ) ತೆರೆದು 00 00 01 ಬಿಎ ಎಂಬ ನಾಲ್ಕು ಬೈಟ್‌ಗಳನ್ನು ಹುಡುಕಿ. ಡಿವಿಡಿ ಬಗೆಯ ಎಂಪೆಗ್-2 ಪ್ರೋಗ್ರಾಂ ಸ್ಟ್ರೀಮ್‌ನಲ್ಲಿ ದೃಶ್ಯ ಮತ್ತು ಧ್ವನಿಯನ್ನು 2048 ಬೈಟ್‌ಗಳ ಪ್ಯಾಕ್‌ಗಳಾಗಿ ಕಟ್ಟಿರುತ್ತಾರೆ, ಪ್ರತಿ ಪ್ಯಾಕ್ ಈ ನಾಲ್ಕು ಬೈಟ್‌ಗಳಿಂದಲೇ ಆರಂಭವಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 2048 ಬೈಟ್ ದೂರವಿದ್ದು ಪುಟದ ಮೇಲೆ ಪುಟ ಅದೇ ಲಯ ಕಂಡರೆ ದೃಶ್ಯ ಎನ್‌ಕ್ರಿಪ್ಟ್ ಆಗಿಲ್ಲ ಎಂದು ನೆಮ್ಮದಿಪಡಬಹುದು. ನಿಮ್ಮ ಕಡತಗಳು ವಿಎಲ್‌ಸಿಯಲ್ಲಿ ಓಡಿರುವುದರಿಂದ ಅದರಲ್ಲಿ ಅನುಮಾನವಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಡಿಜಿಟಲ್ ಪ್ರಸಾರವನ್ನು ನೇರವಾಗಿ ಬರೆದುಕೊಳ್ಳುವ ರೆಕಾರ್ಡರ್ ಆದರೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಇರುತ್ತದೆ, ಅಲ್ಲಿ ಪ್ರತಿ 188 ಬೈಟ್‌ಗೆ ಒಮ್ಮೆ 47 ಎಂಬ ಬೈಟ್ ಕಾಣಬೇಕು. ಕೆಲವು ಹಳೆಯ ಯಂತ್ರಗಳು ಎರಡೆರಡು ಬೈಟ್‌ಗಳನ್ನು ತಿರುವುಮುರುವಾಗಿ ಬರೆಯುತ್ತವೆ. 00 00 ಬಿಎ 01 ಎಂಬುದು ಮತ್ತೆ ಮತ್ತೆ ಕಂಡರೆ ಮೊದಲು ಇಡೀ ನಕಲನ್ನು ಡಿಡಿ ತಂತ್ರಾಂಶದ ಸ್ವಾಬ್ ಆಯ್ಕೆಯಿಂದ ಸರಿಪಡಿಸಬೇಕು.

ಜೋಡಿಸುವ ಕೀಲಿ ಆ ನಾಲ್ಕು ಬೈಟ್‌ಗಳ ಬೆನ್ನಿಗೇ ಇದೆ. ಮುಂದಿನ ಆರು ಬೈಟ್‌ಗಳಲ್ಲಿ ಎಸ್‌ಸಿಆರ್ ಎಂಬ ಗಡಿಯಾರದ ಎಣಿಕೆ ಅಡಗಿರುತ್ತದೆ: 33 ಬಿಟ್‌ಗಳ ಸಂಖ್ಯೆ, ಸೆಕೆಂಡಿಗೆ 90,000ದಂತೆ ಏರುತ್ತದೆ, ಮತ್ತೆ ಸೊನ್ನೆಗೆ ಮರಳಲು ಇಪ್ಪತ್ತಾರೂವರೆ ಗಂಟೆ ಬೇಕು. ಮನೆಯ ರೆಕಾರ್ಡಿಂಗ್ ಅಷ್ಟು ಉದ್ದವಿರುವುದಿಲ್ಲ, ಹಾಗಾಗಿ ಒಂದು ರೆಕಾರ್ಡಿಂಗಿನ ಒಳಗೆ ಈ ಎಣಿಕೆ ಏರುತ್ತಲೇ ಇರುತ್ತದೆ. ನಕಲನ್ನು 2048 ಬೈಟ್‌ಗಳಂತೆ ಓದುತ್ತ ಹೋಗಿ ಪ್ರತಿ ಪ್ಯಾಕಿನ ಎಸ್‌ಸಿಆರ್ ತೆಗೆದು, ಅದು ಹಿಂದಕ್ಕೆ ಬಿದ್ದ ಅಥವಾ ಒಮ್ಮೆಲೇ ಸೆಕೆಂಡಿಗಿಂತ ಹೆಚ್ಚು ಮುಂದಕ್ಕೆ ಜಿಗಿದ ಜಾಗಗಳನ್ನು ಗುರುತು ಹಾಕಿಕೊಳ್ಳುವ ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದರೆ, ತುಣುಕುಗಳ ನಡುವಿನ ಗಡಿಗಳೆಲ್ಲ ಸಿಕ್ಕಂತೆ. ಆಮೇಲೆ ಪ್ರತಿ ತುಣುಕಿನ ಮೊದಲ ಎಣಿಕೆ ಮತ್ತು ಕೊನೆಯ ಎಣಿಕೆಯನ್ನು ಒಂದು ಪಟ್ಟಿಯಲ್ಲಿ ಬರೆದುಕೊಳ್ಳಿ. ಒಂದು ತುಣುಕು ಯಾವ ಎಣಿಕೆಯಲ್ಲಿ ಮುಗಿದಿದೆಯೋ ಅದಕ್ಕಿಂತ ಕೆಲವೇ ನೂರು ಹೆಚ್ಚಿನ ಎಣಿಕೆಯಿಂದ ಆರಂಭವಾಗುವ ತುಣುಕೇ ಅದರ ಮುಂದಿನದು; ಸೆಕೆಂಡಿಗೆ 5 ಮೆಗಾಬಿಟ್ ವೇಗದ ರೆಕಾರ್ಡಿಂಗಿನಲ್ಲಿ ಎರಡು ಪ್ಯಾಕ್‌ಗಳ ನಡುವೆ ಸುಮಾರು 300 ಎಣಿಕೆ ಕಳೆಯುತ್ತದೆ. ಗಂಟೆಗೆ 32 ಕೋಟಿಯಷ್ಟು ಎಣಿಕೆ ಸಾಗುವ ಗಡಿಯಾರದಲ್ಲಿ ಸಂಬಂಧವಿಲ್ಲದ ಎರಡು ತುಣುಕುಗಳು ಇಷ್ಟು ಹತ್ತಿರ ಬಂದು ನಿಲ್ಲುವುದು ತೀರ ಅಪರೂಪ. ಹೊಸ ರೆಕಾರ್ಡಿಂಗ್ ಆರಂಭವಾದಾಗ ಸಾಮಾನ್ಯವಾಗಿ ಎಣಿಕೆ ಸೊನ್ನೆಯ ಆಸುಪಾಸಿನಿಂದ ಶುರುವಾಗುವುದರಿಂದ, ಯಾವ ತುಣುಕು ಮೊದಲನೆಯದು ಎಂಬುದೂ ಅದರಿಂದಲೇ ಗೊತ್ತಾಗುತ್ತದೆ. ಗಡಿಗಳಲ್ಲಿ ಮಾತ್ರ ಕೆಲವು ಸೆಕೆಂಡು ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಿ.

ತುಣುಕುಗಳನ್ನು ಜೋಡಿಸಲು ವಿಡಿಯೊ ಎಡಿಟರ್ ಬೇಡ. ಪ್ರೋಗ್ರಾಂ ಸ್ಟ್ರೀಮನ್ನು ಬೈಟಿಗೆ ಬೈಟು ಒಂದರ ಹಿಂದೊಂದು ಅಂಟಿಸಿದರೆ ಸಾಕು. ಬಳಿಕ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಕಾಪಿ ಆಯ್ಕೆಯಿಂದ ಹೊಸ ಕಡತಕ್ಕೆ ಸಾಗಿಸಿ; ಇದರಿಂದ ಚಿತ್ರದ ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ. ಎಂಪಿ4ಗೆ ಮರುಎನ್‌ಕೋಡ್ ಮಾಡುವುದು, ಇಂಟರ್‌ಲೇಸ್ ಗೆರೆಗಳನ್ನು ತೆಗೆಯುವುದು ಇವೆಲ್ಲ ಫೋನಿನಲ್ಲಿ ನೋಡಲು ಮಾಡುವ ಪ್ರತಿಗೆ ಸರಿ, ಕಾಪಾಡಿ ಇಡುವ ಪ್ರತಿಗೆ ಬೇಡ.

ಓದಲಾಗದೆ ಉಳಿದ ಸೆಕ್ಟರ್‌ಗಳ ಬಗ್ಗೆ ಹೆಚ್ಚು ಚಿಂತಿಸಬೇಡಿ. ಒಂದು ಸೆಕ್ಟರ್ 512 ಬೈಟ್ ಮಾತ್ರ. ಎಂಪೆಗ್-2ರಲ್ಲಿ ಒಂದು ಪೂರ್ಣ ಚಿತ್ರದ ನಂತರ ಬರುವ ಹತ್ತು ಹದಿನಾಲ್ಕು ಚಿತ್ರಗಳು ಅದನ್ನೇ ಆಧರಿಸಿ ವ್ಯತ್ಯಾಸಗಳನ್ನಷ್ಟೇ ಹೇಳುವುದರಿಂದ, ಆ ಜಾಗದಲ್ಲಿ ಚಿತ್ರ ಅರ್ಧ ಸೆಕೆಂಡಿನಷ್ಟು ಚೌಕಚೌಕವಾಗಿ ಒಡೆದು ಮತ್ತೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಧ್ವನಿ ಅಲ್ಲಿಂದ ಮುಂದಕ್ಕೆ ತುಟಿಯ ಚಲನೆಗೆ ಹೊಂದದೆ ಹೋದರೆ, ಪ್ರಾಜೆಕ್ಟ್‌ಎಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ದೃಶ್ಯ ಮತ್ತು ಧ್ವನಿಯನ್ನು ಬೇರ್ಪಡಿಸಿ. ಕಳೆದುಹೋದ ಚೂರಿನಷ್ಟು ಮೌನವನ್ನು ಅದೇ ತುಂಬಿ ಹೊಂದಾಣಿಕೆಯನ್ನು ಉಳಿಸಿಕೊಡುತ್ತದೆ.

ಬೆಸುಗೆ:

ಚೌಕಟ್ಟು ಅವರ ವಿಧಾನಕ್ಕೆ ಒಂದು ಸಣ್ಣ ಸೇರ್ಪಡೆ. ಫೋಟೊರೆಕ್ ಕೊಟ್ಟ ಕಡತಗಳ ಹೆಸರನ್ನು ಈಗಲೇ ಬದಲಿಸಬೇಡಿ. ಎಫ್ ಅಕ್ಷರದ ಮುಂದಿರುವ ಆ ಉದ್ದದ ಸಂಖ್ಯೆ, ಕಡತ ಡಿಸ್ಕಿನ ಯಾವ ಸೆಕ್ಟರಿನಿಂದ ಆರಂಭವಾಯಿತು ಎಂಬುದನ್ನು ಹೇಳುತ್ತದೆ. ಡಿಡಿರೆಸ್ಕ್ಯೂನ ಮ್ಯಾಪ್ ಕಡತದಲ್ಲಿರುವ ಬೈಟ್ ಸ್ಥಾನಗಳನ್ನು 512ರಿಂದ ಭಾಗಿಸಿ ಈ ಸಂಖ್ಯೆಗಳ ಜೊತೆ ಹೋಲಿಸಿದರೆ, ಓದಲಾಗದ ಸೆಕ್ಟರ್‌ಗಳು ಮನೆಯ ದೃಶ್ಯದಲ್ಲಿವೆಯೋ ಹಳೆಯ ಟಿವಿ ಕಾರ್ಯಕ್ರಮದಲ್ಲಿವೆಯೋ ಎಂದು ಗೊತ್ತಾಗುತ್ತದೆ. ಮನೆಯ ದೃಶ್ಯದಲ್ಲಿದ್ದರೆ ಮಾತ್ರ ಮೂಲ ಡಿಸ್ಕನ್ನು ಮತ್ತೊಮ್ಮೆ ಜೋಡಿಸಿ, ಅದೇ ಮ್ಯಾಪ್ ಕಡತವನ್ನು ಕೊಟ್ಟು, ಆ ಸೆಕ್ಟರ್‌ಗಳಷ್ಟನ್ನೇ ಇನ್ನು ಮೂರು ಸಲ ಓದಲು ಡಿಡಿರೆಸ್ಕ್ಯೂಗೆ ಹೇಳಿ. ಯುಎಸ್‌ಬಿ ಅಡಾಪ್ಟರ್ ಬಿಟ್ಟು ಕಂಪ್ಯೂಟರಿನ ಸಾಟಾ ಪೋರ್ಟಿಗೇ ನೇರವಾಗಿ ಜೋಡಿಸಿದರೆ ಈ ಸಲ ಕೆಲವಾದರೂ ಸಿಗಬಹುದು.